ಧ್ವನಿ: ಮಾತು ಹೇಳದೆಯೂ ತಿಳಿಸುವ ಅರ್ಥ

ಪದಕ್ಕೆ ರೂಢಿಯಲ್ಲಿರುವ ಅರ್ಥವನ್ನು ಕೊಡುವ ಶಕ್ತಿ ಅಭಿಧೆ. ಆ ಅರ್ಥ ಹೊಂದಿಕೆಯಾಗದಿದ್ದಾಗ ಅದಕ್ಕೆ ಸಂಬಂಧಪಟ್ಟ ಬೇರೊಂದನ್ನು ಕೊಡುವುದು ಲಕ್ಷಣೆ. ‘ಗಂಗೆಯಲ್ಲಿ ಗೊಲ್ಲರ ಹಳ್ಳಿ’ ಎಂಬುದು ಶಾಸ್ತ್ರಕಾರರ ಹಳೆಯ ಉದಾಹರಣೆ. ಹರಿಯುವ ನೀರಿನಲ್ಲಿ ಊರು ನಿಲ್ಲಲಾರದು. ದಡದಲ್ಲಿದೆ ಎಂದು ಕೇಳುವವನು ತಿಳಿಯುತ್ತಾನೆ. ಆದರೆ ‘ದಡದಲ್ಲಿ’ ಎನ್ನುವುದನ್ನು ಬಿಟ್ಟು ‘ಗಂಗೆಯಲ್ಲಿ’ ಎಂದದ್ದರಿಂದ ಆ ಊರಿನ ತಂಪೂ ಪಾವಿತ್ರ್ಯವೂ ಮನಸ್ಸಿಗೆ ಬರುತ್ತವೆ. ದಡ ಎಂಬ ಅರ್ಥ ಸಿಕ್ಕಿದಾಗಲೇ ಲಕ್ಷಣೆಯ ಕೆಲಸ ಮುಗಿಯಿತು. ಹಾಗಾದರೆ ತಂಪು, ಪಾವಿತ್ರ್ಯಗಳನ್ನು ತಂದುಕೊಟ್ಟದ್ದು ಯಾವುದು?

9ನೆಯ ಶತಮಾನದಲ್ಲಿ, ಕಾಶ್ಮೀರದ ಅವಂತಿವರ್ಮನ ಕಾಲದಲ್ಲಿದ್ದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಇದಕ್ಕೆ ಉತ್ತರ ಕೊಟ್ಟ. ವ್ಯಂಜನೆ ಎಂಬ ಬೇರೆಯೇ ಶಕ್ತಿಯೊಂದು ಮಾತಿಗಿದೆ. ಅದರಿಂದ ಹೊಳೆಯುವ ಅರ್ಥವೇ ಪ್ರಧಾನವಾದಾಗ ಅದು ಧ್ವನಿ. ಕಾವ್ಯದ ಆತ್ಮ ಅದೇ. ಅದೇ ಶತಮಾನದ ನಮ್ಮ ‘ಕವಿರಾಜಮಾರ್ಗ’ವೂ ಧ್ವನಿಯ ಹೆಸರೆತ್ತುತ್ತದೆ, ಆದರೆ ಅಲಂಕಾರಗಳಲ್ಲಿ ಒಂದಾಗಿ ಮಾತ್ರ.

ಆನಂದವರ್ಧನ ಎತ್ತಿಕೊಳ್ಳುವ ಒಂದು ಪ್ರಾಕೃತ ಪದ್ಯದ ಸಂದರ್ಭ ಹೀಗಿದೆ. ಗೋದಾವರಿಯ ದಡದ ಪೊದೆ ಒಬ್ಬ ಹೆಣ್ಣು ತನ್ನ ನಲ್ಲನನ್ನು ಕಾಣುವ ಗುಟ್ಟಿನ ಜಾಗ. ಅಲ್ಲಿಗೆ ಧರ್ಮಿಷ್ಠನೊಬ್ಬ ಅಡ್ಡಾಡಲು ಬರುತ್ತಾನೆ. ಅವನನ್ನು ಹೆದರಿಸುತ್ತಿದ್ದ ನಾಯಿಯನ್ನು ಆ ಪೊದೆಯಲ್ಲೇ ಇರುವ ಸಿಂಹ ಕೊಂದುಹಾಕಿತೆಂದೂ ಇನ್ನು ಅವನು ಧೈರ್ಯವಾಗಿ ತಿರುಗಾಡಬಹುದೆಂದೂ ಅವಳು ಹೇಳುತ್ತಾಳೆ. ಮಾತಿನಲ್ಲಿರುವುದು ಅನುಮತಿ; ತಿಳಿಯಬೇಕಾದದ್ದು ನಿಷೇಧ. ಒಂದೇ ಅಭಿಧೆ ಬಾ ಎಂದೂ ಬರಬೇಡ ಎಂದೂ ಹೇಳಲಾರದು.

ಈ ನಿಷೇಧ ತಿಳಿಯುವುದು ಅನುಮಾನಪ್ರಮಾಣದ ಕೆಲಸ, ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆ ಎಂದು ‘ವ್ಯಕ್ತಿವಿವೇಕ’ದ ಮಹಿಮಭಟ್ಟ ವಾದಿಸಿದ. ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಕೊಟ್ಟ ಉತ್ತರ ತೂಕದ್ದು. ಅನುಮಾನಕ್ಕೆ ತಪ್ಪದ ಹೇತು ಬೇಕು. ಅಂಜುವವನೂ ಗುರುವಿನ ಅಪ್ಪಣೆಯಿಂದಲೋ ಪ್ರೀತಿಯಿಂದಲೋ ಸಿಂಹವಿರುವೆಡೆಗೆ ಹೋಗಬಹುದು. ಮೇಲಾಗಿ ಅಲ್ಲಿ ಸಿಂಹವಿದೆ ಎಂಬುದಕ್ಕೆ ಆ ಹೆಣ್ಣಿನ ಮಾತೊಂದೇ ಆಧಾರ. ತರ್ಕದ ಲೆಕ್ಕದಲ್ಲಿ ಏನೂ ಸಿದ್ಧವಾಗಲಿಲ್ಲ. ಆದರೂ ಓದುಗನಿಗೆ ಅರ್ಥ ಹೊಳೆದೇ ಹೊಳೆಯುತ್ತದೆ.

ಈ ಹೊಳಹಿಗೆ ವ್ಯಾಕರಣ, ನಿಘಂಟುಗಳ ತಿಳಿವಳಿಕೆ ಸಾಲದು ಎಂಬುದು ಆನಂದವರ್ಧನನ ಖಚಿತ ನಿಲುವು. ಆಡಿದವರು ಯಾರು, ಕೇಳುವವರು ಯಾರು, ಹೊತ್ತು ಯಾವುದು ಎಂಬುದೆಲ್ಲ ಸೇರಬೇಕು. ‘ಸೂರ್ಯ ಮುಳುಗಿದ’ ಎಂಬ ಮಾತು ದನ ಕಾಯುವವನಿಗೆ ಹಟ್ಟಿಗೆ ಮರಳುವ ಕರೆ, ವೈದಿಕನಿಗೆ ಸಂಧ್ಯಾವಂದನೆಯ ನೆನಪು, ನಲ್ಲನಿಗಾಗಿ ಕಾದವಳಿಗೆ ಹೊರಡುವ ಸೂಚನೆ. ಅಭಿಧೆ ಕೊಡುವ ವಾಚ್ಯಾರ್ಥ ಎಲ್ಲರಿಗೂ ಒಂದೇ.

ವಸ್ತು, ಅಲಂಕಾರ, ರಸ ಎಂದು ಧ್ವನಿ ಮೂರು ಬಗೆ. ಮೊದಲೆರಡನ್ನು ಬೇಕಾದರೆ ನೇರ ಮಾತಿನಲ್ಲೂ ಹೇಳಬಹುದು. ರಸದ ವಿಷಯ ಹಾಗಲ್ಲ. ‘ಶೋಕ’ ಎಂದು ಎಷ್ಟು ಸಲ ಬರೆದರೂ ಕರುಣರಸ ಹುಟ್ಟದು. ಸನ್ನಿವೇಶವೂ ಪಾತ್ರದ ನಡೆನುಡಿಯೂ ಕೂಡಿ ಅದನ್ನು ವ್ಯಂಜಿಸಬೇಕು. ಆದ್ದರಿಂದಲೇ ‘ಧ್ವನ್ಯಾಲೋಕ’ಕ್ಕೆ ‘ಲೋಚನ’ ವ್ಯಾಖ್ಯಾನ ಬರೆದ ಶೈವ ದಾರ್ಶನಿಕ ಅಭಿನವಗುಪ್ತ, ಕಾವ್ಯದ ನಿಜವಾದ ಆತ್ಮ ರಸಧ್ವನಿ, ಉಳಿದೆರಡು ಕೊನೆಗೆ ಅದರಲ್ಲೇ ನೆಲೆಗೊಳ್ಳುತ್ತವೆ ಎಂದ.