ಹಳೆಯ ಹಾಡು ಮತ್ತು ಮೀಕಲಳ ಕಿಟಕಿ



ನಿಮ್ಮ ಮನೆಯಲ್ಲಿ ಹಳೆಯ ಹಾಡಿನ ಹುಚ್ಚು ಯಾರಿಗಿದೆ? ಅಕ್ಕಿ ಆರಿಸುತ್ತಾ ಮಾತೆ ಮರಿಯಮ್ಮನವರ ಹಳೆಯ ಗೀತೆಯೊಂದನ್ನು ಎಳೆದೆಳೆದು ಹಾಡುವ ಅಜ್ಜಿಗೋ? ಲತೀನ್ ಪೂಜೆಯ ಕಾಲದ ಪ್ರಾರ್ಥನೆಯನ್ನು ಅರ್ಥ ಪೂರ್ತಿ ತಿಳಿಯದಿದ್ದರೂ ರಾಗ ತಪ್ಪದೆ ಗುನುಗುವ ತಾತನಿಗೋ? ವಯಸ್ಸಾದವರೇ ಆಗಿರಬೇಕೆಂದೇನೂ ಇಲ್ಲ. ಗೆಳೆಯರೆಲ್ಲ ಗಿಟಾರಿನ ಹಿಂದೆ ಬಿದ್ದಿರುವಾಗ ತಾನೊಬ್ಬನೇ ಹಾರ್ಮೋನಿಯಂ ಕಲಿಯುತ್ತೇನೆಂದು ಹಟ ಹಿಡಿದ ಕಾಲೇಜು ಹುಡುಗನೂ ಇದೇ ಸಾಲಿಗೆ ಸೇರಿದವನು.

ಇಂಥವರು ಬಾಯಿ ತೆರೆದೊಡನೆ ಉಳಿದವರು ಒಬ್ಬರ ಮುಖವನ್ನೊಬ್ಬರು ನೋಡಿ ನಗುತ್ತಾರೆ. "ಓಬೀರಾಯನ ಕಾಲದ್ದು ಶುರುವಾಯ್ತು" ಎನ್ನುತ್ತಾರೆ. "ಅಜ್ಜಿ, ಸ್ವಲ್ಪ ಮೆಲ್ಲಗೆ, ಫೋನಲ್ಲಿ ಮಾತಾಡ್ತಿದ್ದೀನಿ" ಎನ್ನುತ್ತಾರೆ. ಯಾರೂ ಕೆಟ್ಟ ಮಾತು ಆಡಿರುವುದಿಲ್ಲ, ಜಗಳವೂ ಆಗಿರುವುದಿಲ್ಲ. ಆದರೆ ಅಜ್ಜಿ ಹಾಡು ನಿಲ್ಲಿಸುತ್ತಾರೆ. ಮರುದಿನ ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾರೆ, ಆಮೇಲೆ ಅದೂ ಇಲ್ಲ. ಮನೆಯ ಸಂಜೆಯ ಜಪಸರವು ಎಂದು ನಿಂತಿತು ಎಂದು ಕೇಳಿದರೆ ಎಷ್ಟೋ ಕುಟುಂಬಗಳಿಗೆ ಉತ್ತರ ಹೊಳೆಯುವುದಿಲ್ಲ. ಅದನ್ನು ಯಾರೂ ನಿಲ್ಲಿಸಲಿಲ್ಲ; ಮುಂದೆ ನಿಂತು ಹಾಡುತ್ತಿದ್ದವರ ದನಿ ಅಡಗಿತು, ಅಷ್ಟೆ.

ಪವಿತ್ರ ಗ್ರಂಥದಲ್ಲಿ ಇಂಥದೇ ಒಂದು ನಗುವಿನ ಕಥೆ ಇದೆ. ಸಮುವೇಲನ ಎರಡನೆಯ ಗ್ರಂಥದ ಆರನೆಯ ಅಧ್ಯಾಯವನ್ನು ತೆರೆದು ನೋಡಿ. ಅರಸ ದಾವೀದನು ದೇವರ ಮಂಜೂಷವನ್ನು ಜೆರುಸಲೇಮಿಗೆ ತರುತ್ತಿದ್ದಾನೆ. ಜನರ ಜಯಘೋಷ, ತುತೂರಿಯ ನಾದ. ರಾಜವಸ್ತ್ರ ಬಿಟ್ಟು ನಾರುಮಡಿಯ ಏಫೋದನ್ನು ಕಟ್ಟಿಕೊಂಡ ದಾವೀದನು ಮೈಮರೆತು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕುಣಿಯುತ್ತಿದ್ದಾನೆ. ಸೌಲನ ಮಗಳೂ ದಾವೀದನ ಹೆಂಡತಿಯೂ ಆದ ಮೀಕಲಳು ಅರಮನೆಯ ಕಿಟಕಿಯಿಂದ ಇದನ್ನು ನೋಡಿದಳು. ಅವಳ ಮನಸ್ಸಿನಲ್ಲಿ ತಾತ್ಸಾರ ಹುಟ್ಟಿತು. ಅರಸನೊಬ್ಬ ದಾಸಿಯರ ಕಣ್ಣೆದುರು ಹೀಗೆ ಕುಣಿಯುವುದೇ? ಅರಮನೆಯ ಮರ್ಯಾದೆ ಎಲ್ಲಿ ಉಳಿಯಿತು?

ಇದೇ ಮೀಕಲಳು ಹಿಂದೆ ದಾವೀದನನ್ನು ಮನಸಾರೆ ಪ್ರೀತಿಸಿದ್ದಳು. ಸಮುವೇಲನ ಮೊದಲನೆಯ ಗ್ರಂಥವು ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಸೌಲನು ಅವನನ್ನು ಕೊಲ್ಲಿಸಲು ಆಳುಗಳನ್ನು ಕಳುಹಿಸಿದ ರಾತ್ರಿ, ಗಂಡನನ್ನು ಕಿಟಕಿಯಿಂದ ಕೆಳಗಿಳಿಸಿ ಪ್ರಾಣ ಉಳಿಸಿದವಳು ಇವಳೇ. ಅಂದೂ ಕಿಟಕಿ, ಇಂದೂ ಕಿಟಕಿ. ನಡುವೆ ಏನೆಲ್ಲ ನಡೆದುಹೋಗಿತ್ತು! ತಂದೆ ಅವಳನ್ನು ಬೇರೊಬ್ಬನಿಗೆ ಕೊಟ್ಟಿದ್ದ. ದಾವೀದನು ಅಧಿಕಾರಕ್ಕೆ ಬಂದಾಗ ಅವಳನ್ನು ಆ ಮನೆಯಿಂದ ಮರಳಿ ತರಿಸಿಕೊಂಡಿದ್ದ. ಆ ಎರಡನೆಯ ಗಂಡ ಅಳುತ್ತಾ ಅವಳ ಹಿಂದೆ ನಡೆದು ಬಂದಿದ್ದ. ಇದನ್ನು ನೆನೆದರೆ ಮೀಕಲಳನ್ನು ಸುಮ್ಮನೆ ಬೈಯಲು ಮನಸ್ಸು ಬರುವುದಿಲ್ಲ. ಅವಳ ಅಣಕದ ಹಿಂದೆ ಹಾಡಿಗೂ ಕುಣಿತಕ್ಕೂ ಸಂಬಂಧವಿಲ್ಲದ ಹಳೆಯ ಗಾಯವಿತ್ತು. ನಮ್ಮ ಮನೆಗಳಲ್ಲೂ ಅತ್ತೆಯ ಹಾಡನ್ನು ಸೊಸೆ ಹಳಿಯುವಾಗ, ಅಪ್ಪನ ಹಳೆಯ ಕ್ಯಾಸೆಟ್ಟುಗಳನ್ನು ಮಗ ಗುಜರಿಗೆ ಹಾಕುವಾಗ, ವಿಷಯ ಸಂಗೀತವೇ ಆಗಿರುತ್ತದೆಯೇ? ಸ್ವಲ್ಪ ಯೋಚಿಸಿ.

ಆ ದಿನ ದಾವೀದನು ಜನರಿಗೆಲ್ಲ ರೊಟ್ಟಿಯನ್ನೂ ಒಣದ್ರಾಕ್ಷಿಯ ಉಂಡೆಗಳನ್ನೂ ಹಂಚಿ, ತನ್ನ ಮನೆಯವರನ್ನು ಆಶೀರ್ವದಿಸಲೆಂದು ಹಿಂತಿರುಗುತ್ತಾನೆ. ಮೀಕಲಳು ಹೊರಗೆ ಬಂದು ಅವನನ್ನು ಎದುರುಗೊಂಡದ್ದು ಚುಚ್ಚುಮಾತಿನಿಂದ. ಊರಿಗೆಲ್ಲ ಸಿಕ್ಕ ಆಶೀರ್ವಾದ ಸ್ವಂತ ಮನೆಯ ಹೊಸ್ತಿಲಲ್ಲೇ ತಡೆದು ನಿಂತಿತು. ದಾವೀದನ ಉತ್ತರವೂ ಮೃದುವಾಗಿರಲಿಲ್ಲ. ತಾನು ಕುಣಿದದ್ದು ಸರ್ವೇಶ್ವರನ ಸನ್ನಿಧಿಯಲ್ಲಿ, ಇದಕ್ಕಿಂತಲೂ ಹೀನನೆನಿಸಿಕೊಳ್ಳಲು ಸಿದ್ಧನಿದ್ದೇನೆ ಎಂದ; ಜೊತೆಗೆ ಅವಳ ತಂದೆಯ ಮನೆತನವನ್ನೂ ಎಳೆದು ತಂದ. ಸರಿಯಾದ ಮಾತನ್ನೂ ಎಷ್ಟು ಒರಟಾಗಿ ಆಡಬಹುದೆಂಬುದಕ್ಕೆ ಅದು ಉದಾಹರಣೆ ಎಂದು ನನಗೆ ಅನಿಸುತ್ತದೆ.

ಹಾಗಾದರೆ ಒಂದು ಸಂಗೀತ 'ಹಳತು' ಎನಿಸಿಕೊಳ್ಳುವುದು ಹೇಗೆ? ನಮ್ಮ ಗಾನವೃಂದಗಳ ಹಾರ್ಮೋನಿಯಂ ಪೆಟ್ಟಿಗೆಯನ್ನೇ ನೋಡಿ. 1842ರಲ್ಲಿ ಪ್ಯಾರಿಸ್ ನಗರದ ಅಲೆಕ್ಸಾಂಡ್ರ್ ದೆಬೇನ್ ಎಂಬಾತ ಈ ಹೆಸರಿನ ವಾದ್ಯಕ್ಕೆ ಹಕ್ಕುಪತ್ರ ಪಡೆದ. ಕಾಲಿನಿಂದ ತಿದಿ ಒತ್ತಿ ನುಡಿಸುವ ಆ ಪೆಟ್ಟಿಗೆ, ದೊಡ್ಡ ಆರ್ಗನ್ ಕೊಳ್ಳಲಾರದ ಸಣ್ಣ ದೇವಾಲಯಗಳಿಗೆ ವರವಾಯಿತು. ನಮ್ಮ ದೇಶಕ್ಕೆ ಬಂದ ಮೇಲೆ ಅದು ಕಾಲು ಬಿಟ್ಟು ನೆಲದ ಮೇಲೆ ಕುಳಿತುಕೊಂಡಿತು. ಒಂದು ಕೈ ತಿದಿಗೆ, ಇನ್ನೊಂದು ಕೈ ಮನೆಗಳಿಗೆ. ಭಜನೆಗೆ, ಕಂಪನಿ ನಾಟಕಕ್ಕೆ, ನಮ್ಮ ಪೂಜೆಗೆ, ಎಲ್ಲದಕ್ಕೂ ಒದಗಿತು. ಆದರೆ 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ತನ್ನ ಪ್ರಸಾರದಿಂದ ಹೊರಗಿಟ್ಟಿತು. ಪರದೇಶದ ವಾದ್ಯ, ಗಮಕ ನುಡಿಯಲಾರದ ವಾದ್ಯ ಎಂಬುದು ಆಕ್ಷೇಪ. ಆ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆ ಬಾಗಿಲು ತುಸುವಾದರೂ ತೆರೆಯಲು 1971 ಬರಬೇಕಾಯಿತು. ಅಷ್ಟೂ ವರ್ಷ ಹಳ್ಳಿಯ ದೇವಾಲಯಗಳಲ್ಲಿ ಅದು ನುಡಿಯುತ್ತಲೇ ಇತ್ತು. ಅಂದು ಪರದೇಶದ್ದೆಂದು ತಳ್ಳಿದರು. ಇಂದು ಹಳ್ಳಿಯದೆಂದು ತಳ್ಳಿ ಎಲೆಕ್ಟ್ರಾನಿಕ್ ಕೀಬೋರ್ಡ್ ತಂದಿದ್ದಾರೆ. ಪೆಟ್ಟಿಗೆ ಅದೇ.

ಕೀಬೋರ್ಡಿನ ಮೇಲೆ ನನಗೆ ದ್ವೇಷವಿಲ್ಲ. ಗುಂಡಿ ಒತ್ತಿದರೆ ತಾಳ ತಾನಾಗಿ ಬರುತ್ತದೆ, ಅನುಕೂಲ ನಿಜ. ಆದರೆ ಆ ತಾಳ, ಮುಂದಿನ ಬೆಂಚಿನ ವೃದ್ಧೆ ಉಸಿರು ತೆಗೆದುಕೊಳ್ಳುವವರೆಗೆ ಕಾಯುವುದಿಲ್ಲ. ತಿದಿ ಒತ್ತುವ ಕೈ ಕಾಯುತ್ತದೆ.

ಕರಾವಳಿಯ ಕೊಂಕಣಿ ಕುಟುಂಬಗಳಲ್ಲಿ ಗುಮಟೆಯ ಕಥೆಯೂ ಇದೇ. ಎರಡು ಬಾಯಿಯ ಮಣ್ಣಿನ ಗಡಿಗೆ, ಒಂದು ಬಾಯಿಗೆ ಬಿಗಿದ ಚರ್ಮ. ಮದುವೆಯ ರೋಸ್ ಶಾಸ್ತ್ರದಲ್ಲಿ ಹಿರಿಯ ಹೆಂಗಸರು ವೊವಿಯೊ ಹಾಡುವುದನ್ನು ಕೇಳಿದವರಿಗೆ ಆ ರುಚಿ ಗೊತ್ತು. ಓದುಬರಹ ಕಲಿತವರು ನಾಚಿ ಬದಿಗಿಟ್ಟಿದ್ದ ಇಂಥ ಹಾಡು ವಾದ್ಯಗಳನ್ನು, 1986ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆಯಂಥವರು ಮತ್ತೆ ವೇದಿಕೆಗೆ ತಂದರು. ಅಲ್ಲಿಯವರೆಗೆ ಅದನ್ನು ಉಳಿಸಿದ್ದವರು, ನಗುವವರ ನಡುವೆಯೂ ಹಾಡುತ್ತಾ ಬಂದ ಅಜ್ಜಿಯಂದಿರು.

ಧರ್ಮಸಭೆಯಲ್ಲಿ ಹಳತು ಯಾವುದು, ಹೊಸತು ಯಾವುದು ಎಂದು ಬಿಡಿಸಿ ಹೇಳುವುದೂ ಸುಲಭವಲ್ಲ. 386ರಲ್ಲಿ ಮಿಲಾನ್ ನಗರದಲ್ಲಿ ಎಳೆಯ ಚಕ್ರವರ್ತಿಯ ತಾಯಿ ಜಸ್ಟಿನಾ, ದೇವಾಲಯವೊಂದನ್ನು ಆರಿಯಸನ ಪಂಥದವರಿಗೆ ಬಿಟ್ಟುಕೊಡಬೇಕೆಂದು ಒತ್ತಾಯಿಸಿದಳು. ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರೊಂದಿಗೆ ಪ್ರಾಣ ಕೊಡಲೂ ಸಿದ್ಧರಾಗಿ ಜನರು ದೇವಾಲಯದಲ್ಲೇ ಜಾಗರಣೆ ಕುಳಿತರು. ಅವರಲ್ಲಿ ಸಂತ ಅಗಸ್ಟೀನರ ತಾಯಿ ಮೋನಿಕಾ ಕೂಡ ಇದ್ದರು. ಬಳಲಿದ ಜನ ಎದೆಗುಂದಬಾರದೆಂದು ಪೂರ್ವದೇಶದ ಸಭೆಗಳ ರೀತಿಯಲ್ಲಿ ಸ್ತೋತ್ರಗೀತೆಗಳನ್ನೂ ಕೀರ್ತನೆಗಳನ್ನೂ ಹಾಡುವ ಪದ್ಧತಿ ಅಲ್ಲಿ ಆರಂಭವಾಯಿತು. ಅಂದು ಅದು ಹೊಚ್ಚ ಹೊಸತು. ಅಂಬ್ರೋಸರು ಹಾಡಿನಿಂದ ಜನರನ್ನು ಮರುಳು ಮಾಡುತ್ತಿದ್ದಾರೆ ಎಂದು ವಿರೋಧಿಗಳು ದೂರಿದರು. ಇಂದು ಅದೇ ಗೀತೆಗಳು ನಮಗೆ ಓಬೀರಾಯನ ಕಾಲದವು!

ದ್ವಿತೀಯ ವ್ಯಾಟಿಕನ್ ಮಹಾಸಭೆ ಹಳೆಯ ಸಂಗೀತವನ್ನು ಹೊರಗೆ ಹಾಕಿತು ಎಂದು ಕೆಲವರು ನಂಬಿದ್ದಾರೆ. 1963ರ ಡಿಸೆಂಬರ್ 4ರಂದು ಪ್ರಕಟವಾದ ಆರಾಧನಾ ವಿಧಿಯ ದಸ್ತಾವೇಜನ್ನು ಓದಿದವರು ಹಾಗೆ ಹೇಳಲಾರರು. ಗ್ರೆಗೋರಿಯನ್ ಗಾಯನಕ್ಕೆ ಅದು ಅಗ್ರಸ್ಥಾನ ಕೊಟ್ಟಿದೆ; ಮಿಷನ್ ನಾಡುಗಳ ಜನರ ಸ್ವಂತ ಸಂಗೀತ ಪರಂಪರೆಗೂ ತಕ್ಕ ಗೌರವ ಸಲ್ಲಬೇಕೆಂದಿದೆ. ಅಂದರೆ ಲತೀನ್ ಗಾಯನ ಬಲ್ಲ ತಾತನಿಗೂ ಜಾಗವಿದೆ, ಗುಮಟೆಗೂ ಜಾಗವಿದೆ. 1974ರಲ್ಲಿ ಸಂತ ಆರನೆಯ ಪೌಲರು ಸರಳವಾದ ಲತೀನ್ ಗೀತೆಗಳ ಒಂದು ಚಿಕ್ಕ ಪುಸ್ತಕವನ್ನು ಲೋಕದ ಧರ್ಮಾಧ್ಯಕ್ಷರೆಲ್ಲರಿಗೆ ಕಾಣಿಕೆಯಾಗಿ ಕಳುಹಿಸಿದರು. ಜನಭಾಷೆಯ ಪೂಜೆಗೆ ಬಾಗಿಲು ತೆರೆದ ಜಗದ್ಗುರುಗಳೇ ಇದನ್ನೂ ಮಾಡಿದರು.

ಇನ್ನೊಂದು ವಿಚಿತ್ರ ಕೇಳಿ. ಸ್ಪೇನ್ ದೇಶದ ಸಿಲೋಸ್ ಮಠದ ಬೆನೆಡಿಕ್ಟೈನ್ ಸನ್ಯಾಸಿಗಳು ಎಷ್ಟೋ ವರ್ಷ ಹಿಂದೆ ಧ್ವನಿಮುದ್ರಿಸಿದ್ದ ಗಾಯನ 1994ರಲ್ಲಿ ಹೊಸ ಹೆಸರಿನಲ್ಲಿ ಮತ್ತೆ ಬಿಡುಗಡೆಯಾಗಿ, ಅಮೆರಿಕದ ಜನಪ್ರಿಯ ಸಂಗೀತದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ನೋಡಿದಿರಾ, ನಮ್ಮದೇ ಗೆದ್ದಿತು ಎಂದು ಹಿಗ್ಗುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಪಟ್ಟಿಗೆ ಏರಿದ್ದು ಇಳಿದೇ ಇಳಿಯುತ್ತದೆ. ಆ ಸನ್ಯಾಸಿಗಳ ಬಳಗ ಮೊದಲೂ ಹಾಡುತ್ತಿತ್ತು, ಆಮೇಲೂ ಹಾಡಿತು. ಅವರ ಪ್ರಾರ್ಥನೆಯ ಗಂಟೆ ಕೊಳ್ಳುವವರನ್ನು ನೋಡಿ ಬಾರಿಸುವುದಿಲ್ಲ.

ಹಳೆಯ ಹಾಡನ್ನು ಪ್ರೀತಿಸುವವರೇ, ಈಗ ಒಂದು ಕಹಿ ಮಾತು ನಿಮಗೂ ಇದೆ. ಅಗಸ್ಟೀನರು ತಮ್ಮ ನಿವೇದನೆಗಳ ಹತ್ತನೆಯ ಭಾಗದಲ್ಲಿ ಈ ವಿಷಯದ ಬಗ್ಗೆ ಬಹಳ ತೊಳಲಾಡಿದ್ದಾರೆ. ವಿಶ್ವಾಸಕ್ಕೆ ಮರಳಿದ ಹೊಸತರಲ್ಲಿ ದೇವಾಲಯದ ಹಾಡು ಕೇಳಿ ಕಣ್ಣೀರಿಟ್ಟದ್ದನ್ನು ನೆನೆದು, ಹಾಡು ಬೇಕು ಎನ್ನುತ್ತಾರೆ. ಆದರೆ ಹಾಡಿನಲ್ಲಿರುವ ವಿಷಯಕ್ಕಿಂತ ರಾಗವೇ ತಮ್ಮನ್ನು ಹೆಚ್ಚು ಕದಲಿಸಿದಾಗ ಅದನ್ನು ಪಾಪವೆಂದು ಒಪ್ಪಿಕೊಳ್ಳುತ್ತಾರೆ. ನಾವು ಹಳೆಯ ಗೀತೆಗೆ ಕಣ್ಣೊರೆಸಿಕೊಳ್ಳುವಾಗ ನೆನೆಯುತ್ತಿರುವುದು ಪ್ರಭುವನ್ನೋ, ನಮ್ಮ ಹರೆಯವನ್ನೋ? ಹರೆಯವನ್ನು ನೆನೆದರೆ ತಪ್ಪೇನಿಲ್ಲ, ಆದರೆ ಅದನ್ನೇ ಭಕ್ತಿ ಎಂದು ಕರೆದು ಮಕ್ಕಳ ಗಿಟಾರಿಗೆ ಮುಖ ಸಿಂಡರಿಸಿದರೆ, ಮೀಕಲಳ ಕಿಟಕಿಯಲ್ಲಿ ಈಗ ನಾವು ನಿಂತಿದ್ದೇವೆ. ಪೂಜೆ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಗಾನವೃಂದದ ಹುಡುಗಿಯರನ್ನು ಅಳುವಂತೆ ಮಾಡುವ ಹಿರಿಯರು ಹಲವು ಧರ್ಮಕೇಂದ್ರಗಳಲ್ಲಿದ್ದಾರೆ. ಆ ಹುಡುಗಿಯರು ಮುಂದಿನ ಭಾನುವಾರ ಹಳೆಯ ಗೀತೆ ಕಲಿಯಲು ಇವರ ಬಳಿ ಬರುತ್ತಾರೆಯೇ?

ಮಕ್ಕಳೇ, ನಿಮಗೂ ಒಂದು ಮಾತು. ಅಜ್ಜಿಯ ಹಾಡು ನಿಮಗೆ ಇಷ್ಟವಾಗಲೇಬೇಕೆಂದು ಯಾರೂ ಒತ್ತಾಯಿಸಲಾರರು. ಆದರೆ ಹಾಸಿಗೆ ಹಿಡಿದು, ಮಕ್ಕಳ ಹೆಸರನ್ನೇ ಮರೆತ ಎಷ್ಟೋ ಹಿರಿಯರು ಬಾಲ್ಯದ ಗೀತೆಯನ್ನು ಕೇಳಿದೊಡನೆ ತುಟಿ ಆಡಿಸುವುದನ್ನು ಅವರ ಸೇವೆ ಮಾಡುವವರು ಬಲ್ಲರು. ಮಾತು ಹೋದ ಮೇಲೂ ಹಾಡು ಉಳಿದಿರುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿ ಕುಳಿತು ಅದನ್ನು ಎತ್ತಿಕೊಡಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರಬೇಡವೇ? ಕೊನೆಯ ಅಭ್ಯಂಗ ಕೊಡಲು ಗುರುಗಳು ಬಂದಾಗ ಫೋನಿನಲ್ಲಿ ಹುಡುಕಿದರೆ ಎಲ್ಲ ಹಾಡೂ ಸಿಗುವುದಿಲ್ಲ. ನಿಮ್ಮ ಅಜ್ಜಿಯ ಊರಿನ ರಾಗ ಅಲ್ಲಿ ಇರಲಾರದು.

ನವೆಂಬರ್ 22 ಗಾಯಕರ ಪಾಲಕಿ ಸಂತ ಸಿಸಿಲಿಯಾಳ ಹಬ್ಬ. ಅಷ್ಟರೊಳಗೆ ಒಂದು ಸಂಜೆ, ಜಪಸರ ಮುಗಿದ ಮೇಲೆ, ಟೀವಿ ಹಾಕುವ ಮುನ್ನ, ಅಜ್ಜಿಯನ್ನೋ ತಾತನನ್ನೋ ಒಂದು ಹಾಡು ಹೇಳಿಕೊಡಿ ಎಂದು ಕೇಳಿ. ಮೊದಲು ಬೇಡವೆನ್ನುತ್ತಾರೆ, ಗಂಟಲು ಸರಿಯಿಲ್ಲ ಎನ್ನುತ್ತಾರೆ. ಎರಡನೆಯ ಸಲ ಕೇಳಿ. ನೋಟು ಪುಸ್ತಕ, ಪೆನ್ನು ಹತ್ತಿರ ಇಟ್ಟುಕೊಳ್ಳಿ. ಸಾಲುಗಳನ್ನು ಬರೆದುಕೊಂಡು ಫೋನಿನಲ್ಲಿ ರಾಗವನ್ನೂ ಮುದ್ರಿಸಿಕೊಳ್ಳಿ. ನಡುವೆ ಅವರು ಒಂದು ಸಾಲು ಮರೆತರೆ ಅವಸರಪಡಿಸಬೇಡಿ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರಿ. ಬರುತ್ತದೆ.