ನೆಟೆ ಬಾರದ ಹೊಲದ ಲೆಕ್ಕ

ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, ತೊಗರಿ ಬೆಳೆಯುವ ಸೀಮೆಯ ನಡುವೆ. ಈ ಸಂವಾದದ ಮೂವರನ್ನು ನಾನು ಕಲ್ಪಿಸಿಕೊಂಡು ಅಲ್ಲಿ ಕೂರಿಸಿದ್ದೇನೆ: ಜೇವರ್ಗಿ ಕಡೆಯ ಒಬ್ಬ ಸಂಶೋಧಕಿ, ಅಫಜಲಪುರ ತಾಲ್ಲೂಕಿನಲ್ಲಿ ಹೊಲವಿರುವ ಅವಳ ಕಾಕಾ, ಸಸ್ಯರೋಗಶಾಸ್ತ್ರ ಕಲಿಸಿ ನಿವೃತ್ತರಾದ ಒಬ್ಬ ವಿಜ್ಞಾನಿ. ತೊಗರಿಯ ನೆಟೆ ರೋಗದ ಮೇಲೆ ಕೆಲಸ ಮಾಡುವ ಎಲ್ಲರಿಗೂ ಒಂದು ಪೋರ್ಟಲ್ ಕಟ್ಟಬೇಕೆಂದು ಅವಳು ಹೊರಟಿದ್ದಾಳೆ. ಮಾತಾಡುವವರು ಕಲ್ಪಿತರು; ಅವರ ಮಾತಿನಲ್ಲಿ ಬರುವ ರೋಗ, ತಳಿ, ಸಂಸ್ಥೆಗಳು ನಿಜ.

ಸಂಶೋಧಕಿ: ಸರ್, ನನ್ನ ವಿಚಾರ ಇಷ್ಟೇ. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಾಗ ಒಂದಿಷ್ಟು ಮಾಹಿತಿ ಅದ, ರಾಯಚೂರು ಕೃಷಿ ವಿಶ್ವವಿದ್ಯಾಲಯದಾಗ ಒಂದಿಷ್ಟು, ಹೈದರಾಬಾದ್ ಹತ್ರ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಾಗ ಒಂದಿಷ್ಟು. ಇಕ್ರಿಸ್ಯಾಟ್‌ನವರು ಮುಂದಾಳಾಗಿ ಆಶಾ ತಳಿಯ ಜೀನೋಮ್ ಓದಿ 2011ರಾಗ ಪ್ರಕಟ ಮಾಡಿದ್ರು, 48,680 ಜೀನ್ ಗುರುತಿಸಿದ್ರು. ಜಗತ್ತಿನ ಯಾವ ಮೂಲ್ಯಾಗ ಕುಂತ್ರೂ ಅದು ಸಿಗ್ತದ. ಅಫಜಲಪುರದಾಗ ಹೋದ ವರ್ಷ ಯಾವ ತಳಿ ಯಾವ ಹೋಬಳ್ಯಾಗ ಒಣಗಿತು ಅಂತ ಕೇಳಿದ್ರ ಹತ್ತು ಬಾಗಿಲಾ ಬಡೀಬೇಕು.

ಕಾಕಾ: ಪೋರ್ಟಲ್ ಅಂದ್ರ ನನಗ ಗೊತ್ತದ. ರೈತರ ನೋಂದಣಿಯ ಫ್ರೂಟ್ಸ್ ಐಡಿ ಮಾಡಿಸೀನಿ, ಬೆಳೆ ಸಮೀಕ್ಷೆ ಆ್ಯಪ್‌ನ್ಯಾಗ ಹೊಲದ ಫೋಟೊ ಹಾಕೀನಿ. ಅವು ಏನ್ ಬಿತ್ತೀರಿ ಅಂತ ಕೇಳ್ತಾವ. ನಿಂದು ಏನ್ ಕೇಳ್ತದ?

ಸಂಶೋಧಕಿ: ಒಣಗಿದ್ದು ಯಾಕ ಅಂತ ಕೇಳ್ತದ.

ಕಾಕಾ: ನೆಟೆ ಬಂತು, ಒಣಗಿತು. ಮತ್ತೇನದ?

ಸರ್: ಅಲ್ಲೇ ಅದ ನೋಡ್ರಿ ಯಜಮಾನ್ರ. ಗಿಡ ಒಣಗಿದ್ರ ಎಲ್ಲಾ ನೆಟೆ ಅಲ್ಲ. ಬುಡದಿಂದ ಕಾಂಡದ ಮ್ಯಾಲ ನೇರಳೆ ಬಣ್ಣದ ಪಟ್ಟಿ ಏರಿರಬೇಕು. ಕಾಂಡ ಸೀಳಿದ್ರ ಒಳಗ ಕಂದು ಗೆರಿ ಕಾಣಬೇಕು. ಬಿಸಲಿಗೆ ಬೇರು ಕೊಳೆತು ಒಣಗೂದು ಬ್ಯಾರೆ ಶಿಲೀಂಧ್ರದ ಕೆಲಸ. ದೂರದಿಂದ ಫೋಟೊ ತೆಗೆದ್ರ ಎರಡೂ ಒಂದೇ. 2022ರ ಹಂಗಾಮಿನಾಗ ಈ ಜಿಲ್ಲೆಯ ತೊಗರಿ ಒಣಗಿದಾಗ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಅಂತ ಘೋಷಣೆ ಆಯ್ತು. ಪರಿಹಾರದ ಪಟ್ಟಿಗೆ ಎಷ್ಟು ಹೋಯ್ತು ಅಂತ ಗೊತ್ತಾದ್ರ ಸಾಕು. ವಿಜ್ಞಾನಕ್ಕ ಸೀಳಿದ ಕಾಂಡ ಬೇಕು.

ಸಂಶೋಧಕಿ: ನಾ ಅದನ್ನೇ ಹೇಳೂದು. ಆಳಂದದ ಕಾಂಡ, ಜೇವರ್ಗಿಯ ಕಾಂಡ, ಅಫಜಲಪುರದ ಕಾಂಡ ಒಂದೇ ಕಡೆ ಕಂಡ್ರ ಸಮುದಾಯ ತಾನಾಗೇ ಕೂಡ್ತದ.

ಸರ್: ತಾನಾಗೇ ಕೂಡಂಗಿಲ್ಲ ಯವ್ವಾ. ಪೋರ್ಟಲ್ ಇರೂದ್ರಿಂದ ಸಮುದಾಯ ಹುಟ್ಟಿದ್ದು ನಾ ನೋಡಿಲ್ಲ. ಈ ನೆಟೆ ವಿಷಯದಾಗ ಸಮುದಾಯ ಮೊದಲಿಂದ ಇತ್ತು. ಇಕ್ರಿಸ್ಯಾಟ್‌ನವರು ನೆಟೆ ಶಿಲೀಂಧ್ರಾನ ಬೇಕಂತಲೇ ಮಣ್ಣಾಗ ಬೆಳೆಸಿ ರೋಗದ ತಾಕು ಮಾಡಿದ್ರು. ಸಾವಿರಾರು ಸಾಲು ಬಿತ್ತಿ, ಸತ್ತದ್ದು ಸತ್ತು, ಉಳಿದದ್ದನ್ನ ಆರಿಸಿದ್ರು. ಹಂಗ ಬಂದದ್ದು ಐಸಿಪಿ 8863. 1986ರಾಗ ಕರ್ನಾಟಕದಾಗ ಮಾರುತಿ ಅಂತ ಬಿಡುಗಡೆ ಆಯ್ತು. ಮುಂದಿನ ಕೆಲವೇ ವರ್ಷದಾಗ ಈ ಭಾಗದ ತೊಗರಿಯ ದೊಡ್ಡ ಪಾಲು ಅದೇ ಆಯ್ತು. ಆ ಹೊತ್ತಿಗೆ ಯಾವ ಪೋರ್ಟಲ್ ಇತ್ತು? ಪತ್ರ, ಪೋಸ್ಟು, ಬೀಜದ ಪೊಟ್ಟಣ.

ಕಾಕಾ: ಮಾರುತಿ ನಮ್ಮಪ್ಪ ಬಿತ್ತಿದ್ದ.

ಸಂಶೋಧಕಿ: ಮತ್ತ ಅದೇ ಮಾರುತಿ ಕೆಲವು ಕಡೆ ಸೋತದ್ದೂ ಖರೆ ಅಲ್ಲೇನ್ರಿ ಸರ್? ಶಿಲೀಂಧ್ರ ಊರಿಗೊಂದು ರೂಪದಾಗ ಅದ. ಒಂದು ತಾಕಿನಾಗ ಗೆದ್ದ ತಳಿ ಮತ್ತೊಂದು ಮಣ್ಣಾಗ ಸೋಲ್ತದ. ಎಲ್ಲಿ ಸೋತಿತು ಅನ್ನೂದು ಪೋಸ್ಟಿನಾಗ ಕೂಡಿ ಬರಂಗಿಲ್ಲ. ಅದಕ್ಕ ನೂರು ಊರಿನ ಲೆಕ್ಕ ಒಂದೇ ಪುಟದಾಗ ಬೇಕು.

ಸರ್: ಈ ಮಾತು ಒಪ್ಪತೀನಿ. ಇಲ್ಲಿ ನೀ ನನಗಿಂತ ಮುಂದ ಅದಿ.

ಕಾಕಾ: ಒಂದ್ ನಿಮಿಷ. ನನ್ನ ಹೊಲದಾಗ ನೆಟೆ ಅದ ಅಂತ ಆ ಪುಟದಾಗ ಬರೀತಿ. ಎಲ್ಲಾರೂ ನೋಡ್ತಾರ?

ಸಂಶೋಧಕಿ: ಹೌದ್ರಿ, ಮುಕ್ತ ಮಾಹಿತಿ. ವಿಜ್ಞಾನ ಅಂದ್ರ ಮುಚ್ಚಿಡಬಾರದು.

ಕಾಕಾ: ಮುಂದಿನ ವರ್ಷ ನಾ ಎರಡು ಎಕರೆ ಲಾವಣಿಗೆ ಹಾಕಬೇಕು. ಯಾರ್ ತಗೋತಾರ? ನೀ ಮುಚ್ಚಿಡಬಾರದು ಅಂತಿ. ಮುಚ್ಚೂದು ಬಿಡೂದು ನಿನ್ನ ಕೈಯಾಗ ಯಾರ್ ಕೊಟ್ರು? ಆ ನೆಟೆ ನನ್ನ ಹೊಲದ್ದು, ನಷ್ಟ ನಂದು, ಫೋಟೊ ಮಾತ್ರ ಜಗತ್ತಿಂದು?

ಇಲ್ಲಿ ಅವಳು ಬಹಳ ಹೊತ್ತು ಸುಮ್ಮನಿರುತ್ತಾಳೆ, ಇರಬೇಕು ಕೂಡ. ವೈಜ್ಞಾನಿಕ ಪೋರ್ಟಲ್‌ಗಳ ಬಗ್ಗೆ ನಾವು ಆಡುವ ಮಾತಿನಲ್ಲಿ ಮುಕ್ತತೆ ಎಂಬುದು ಪ್ರಶ್ನೆ ಕೇಳಬಾರದ ಒಳಿತಾಗಿ ಕೂತಿದೆ. ಕೊಡುವವನಿಗೆ ಕೊಟ್ಟದ್ದರಿಂದಲೇ ಪೆಟ್ಟು ಬೀಳುವಲ್ಲಿ ಆ ಒಳಿತು ಯಾರದು ಎಂದು ನಿಲ್ಲಿಸಿ ಕೇಳಬೇಕು.

ಸರ್: ಯಜಮಾನ್ರು ಹೇಳಿದ್ದು ಹೊಸ ತಕರಾರಲ್ಲ, ದಾರಿನೂ ಅದ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ 2008ರ ಡಿಸೆಂಬರ್‌ದಾಗ ಶುರು ಆಯ್ತು, ಬೆಂಗಳೂರಿನ ಸಂಸ್ಥೆಗಳೇ ಅದರ ಬೆನ್ನೆಲುಬು. ಗಿಡ, ಹಕ್ಕಿ, ಚಿಟ್ಟೆ ಕಂಡವರು ಯಾರು ಬೇಕಾದ್ರೂ ಅಲ್ಲಿ ಹಾಕಬಹುದು. ಅಪರೂಪದ ಗಿಡ ಕಂಡ ಜಾಗ ನಿಖರವಾಗಿ ತೋರಿಸಿದ್ರ ನಾಳೆ ಯಾರಾದ್ರೂ ಕಿತ್ತುಕೊಂಡು ಹೋಗ್ತಾರ. ಅದಕ್ಕ ನಿಖರ ಜಾಗ ಮರೆ ಮಾಡೂ ಅವಕಾಶ ಕೊಟ್ಟಾರ. ನೀನೂ ಹಂಗ ಮಾಡು. ಹೊರಗಿನವರಿಗೆ ಹೋಬಳಿ ಮಟ್ಟದ ತನಕ ಕಾಣಲಿ. ಸರ್ವೆ ನಂಬರ್ ಹೊಲದವರಿಗೆ, ಅವರು ಹೂಂ ಅಂದ ವಿಜ್ಞಾನಿಗೆ ಮಾತ್ರ.

ಸಂಶೋಧಕಿ: ಹೋಬಳಿ ಮಟ್ಟಕ್ಕ ಇಳಿಸಿದ್ರ ಮಣ್ಣಿನ ಜತಿ ಹೋಲಿಸಿ ನೋಡೂದು ಕಷ್ಟ ಆಗ್ತದ ಸರ್. ನಿಖರತೆ ಹೋಗ್ತದ.

ಸರ್: ಹೋಗಲಿ. ಕೇಳದೆ ತಗೊಂಡ ನಿಖರತೆ ಎರಡನೇ ವರ್ಷಕ್ಕ ಉಳಿಯಂಗಿಲ್ಲ. ಕೊಡೂದೇ ನಿಲ್ಲಿಸ್ತಾರ.

ಕಾಕಾ: ಇನ್ನೊಂದು ಕೇಳ್ತೀನಿ. ಮೊದಲೂ ಒಬ್ರು ಫಾರ್ಮ್ ಹಿಡಕೊಂಡು ಬಂದಿದ್ರು. ಬರ್ಕೊಂಡು ಹೋದ್ರು. ತಿರುಗಿ ಏನೂ ಹೇಳ್ಲಿಲ್ಲ. ನಿಂದೂ ಹಂಗೇನು?

ಸಂಶೋಧಕಿ: ರಾಯಚೂರಿನ ಕೀಟಶಾಸ್ತ್ರದವರು ಇ-ಸ್ಯಾಪ್ ಅಂತ ಮಾಡ್ಯಾರಲ್ರಿ ಕಾಕಾ, ಹೊಲದಾಗ ನಿಂತು ಟ್ಯಾಬ್‌ನ್ಯಾಗ ರೋಗ, ಕೀಟ ಗುರುತಿಸಿ ಪರಿಹಾರ ಹೇಳೂದು. ಹಂಗ ಉತ್ತರ ಬರೂ ವ್ಯವಸ್ಥೆ ಮಾಡ್ತೀನಿ.

ಸರ್: ಕಾಯಿಕೊರಕಕ್ಕ ಅದು ಸರಿ. ಹುಳ ಕಂಡ ದಿನಾನೇ ಔಷಧ ಹೊಡೀಬಹುದು. ನೆಟೆ ಹಂಗಲ್ಲ. ಹೂವು ಕಾಯಿ ಹೊತ್ತಿಗೆ ಗಿಡ ಬಾಡಿ ನಿಂತ್ರ ಆ ಗಿಡಕ್ಕ ಉತ್ತರ ಇಲ್ಲ. ಶಿಲೀಂಧ್ರ ಸತ್ತ ಗಿಡದ ಕೊಳಿಯಾಗ ಮೂರು ವರ್ಷದ ತನಕ ಮಣ್ಣಾಗ ಇರ್ತದ. ಉತ್ತರ ಬೇಕಾಗೂದು ಮುಂದಿನ ಮಿರಗ ಮಳಿಗೆ ಮೊದಲ: ಯಾವ ತಳಿ, ತೊಗರಿ ಬಿಟ್ಟು ಮತ್ತೇನು, ಜೋಳದ ಅಕ್ಕಡಿ ಹಾಕಬೇಕೋ ಏನು. ಜೋಳ ಜೋಡಿ ಬಿತ್ತಿದ್ರ ನೆಟೆ ಕಡಿಮಿ ಆಗ್ತದ ಅಂತ ಪ್ರಯೋಗ ತೋರಿಸ್ಯಾವ. ಡಿಸೆಂಬರ್‌ದಾಗ ಕಾಂಡದ ಫೋಟೊ ಕೊಟ್ಟವರಿಗೆ ಮೇ ತಿಂಗಳಿನಾಗ ಮಾತು ತಿರುಗಿ ಬರಬೇಕು. ಆ ಐದು ತಿಂಗಳು ದಾಟಿದ್ರ ನಿನ್ನ ಪೋರ್ಟಲ್ ಅವರ ಪಾಲಿಗೆ ಇಲ್ಲ.

ಸಂಶೋಧಕಿ: ಒಬ್ಬೊಬ್ಬರಿಗೂ ಉತ್ತರ ಬರೆಯೂದು ಅಂದ್ರ ಮನುಷ್ಯರು ಬೇಕು ಸರ್. ಮಷಿನ್‌ದಾಗ ಮುಗಿಯಂಗಿಲ್ಲ.

ಸರ್: ಅದನ್ನೇ ಕೇಳಬೇಕಂತಿದ್ದೆ. ರೊಕ್ಕ ಎಷ್ಟು ವರ್ಷಕ್ಕ ಅದ?

ಸಂಶೋಧಕಿ: ಯೋಜನೆ ಮೂರು ವರ್ಷದ್ದು.

ಕಾಕಾ: ನಾಲ್ಕನೇ ವರ್ಷ?

ಸಂಶೋಧಕಿ: ಚಲೋ ಕೆಲಸ ಆದ್ರ ಮತ್ತ ಸಿಗ್ತದ.

ಸರ್: ಚಲೋ ಕೆಲಸ ಆದ್ರೂ ಸಿಗದೇ ಇರಬಹುದು. ಅರಾಬಿಡಾಪ್ಸಿಸ್ ಅಂತ ಸಾಸಿವಿ ಕುಟುಂಬದ ಪುಟ್ಟ ಗಿಡ. ಜಗತ್ತಿನ ಸಸ್ಯವಿಜ್ಞಾನಿಗಳೆಲ್ಲ ಅದರ ಮ್ಯಾಲ ಪಾಠ ಕಲ್ತಾರ. ಅದರ ಜೀನ್‌ಗಳ ಲೆಕ್ಕ ಇಡಲಿಕ್ಕ ಟೇರ್ ಅಂತ ಒಂದು ಪೋರ್ಟಲ್ ಅದ. 1999ರಿಂದ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ರೊಕ್ಕದಾಗ ನಡೀತು. ಭಾಳ ಬಳಕಿ ಇತ್ತು. ಆದ್ರೂ 2013ಕ್ಕ ಆ ರೊಕ್ಕ ನಿಂತಿತು. ಹೊಸದು ಕಟ್ಟಲಿಕ್ಕ ಕೊಡೂ ನಿಧಿ ಹಳೇದು ಕಾಯಲಿಕ್ಕ ಎಷ್ಟು ದಿನ ಕೊಡಬೇಕು ಅನ್ನೂದೇ ಪ್ರಶ್ನೆ. ನಡೆಸೋರು ಲಾಭಕ್ಕಲ್ಲದ ಸಂಸ್ಥೆ ಮಾಡಿ ವಿಶ್ವವಿದ್ಯಾಲಯಗಳಿಂದ ಚಂದಾ ಎತ್ತಿ ಉಳಿಸಿಕೊಂಡ್ರು.

ಸಂಶೋಧಕಿ: ಚಂದಾ ಅಂದ್ರ ಬಾಗಿಲು ಹಾಕಿದಂಗ.

ಸರ್: ಅರ್ಧ ಹಾಕಿದಂಗ. ಆರ್ಕೈವ್ ಬ್ಯಾರೆ ದಾರಿ ಹಿಡೀತು. 1991ರಿಂದ ಭೌತವಿಜ್ಞಾನಿಗಳು ಲೇಖನ ಹಾಕೂ ಜಾಗ ಅದು. ಓದೋರಿಗೆ ಪುಕ್ಕಟೆ ಇಟ್ಟೇ, 2010ರಾಗ ಕಾರ್ನೆಲ್ ಗ್ರಂಥಾಲಯದವರು ಹೆಚ್ಚು ಬಳಸೂ ಸಂಸ್ಥೆಗಳನ್ನ ಕರೆದು ವರ್ಷಕ್ಕಿಷ್ಟು ಕೊಡ್ರಿ ಅಂದ್ರು. ಪ್ರೋಟೀನ್ ಡೇಟಾ ಬ್ಯಾಂಕಿಂದು ಮೂರನೇ ದಾರಿ. 1971ರಾಗ ಶುರು ಆದಾಗ ಏಳೇ ಏಳು ರಚನೆ ಇದ್ವು. ಇವತ್ತು ಎರಡು ಲಕ್ಷ ದಾಟ್ಯಾವ. ಅಲ್ಲಿ ರಚನೆ ಜಮಾ ಮಾಡದೇ ಲೇಖನ ಹಾಕಂಗಿಲ್ಲ ಅಂತ ಪತ್ರಿಕೆಗಳು ಹಟ ಹಿಡಿದ್ವು. 2003ರಿಂದ ಅಮೆರಿಕ, ಯುರೋಪ್, ಜಪಾನ್ ಮೂರೂ ಕಡೆಯವರು ಕೂಡಿ ಕಾಯ್ತಾರ. ಒಂದು ಮನಿ ಬಿದ್ರೂ ಲೆಕ್ಕ ಬೀಳಂಗಿಲ್ಲ.

ಕಾಕಾ: ನನ್ನಂಥವರಿಂದ ಚಂದಾ ಕೇಳಬ್ಯಾಡ್ರಿ. ಸೀಳಿದ ಕಾಂಡ ಕೊಡೂದೇ ನಮ್ಮ ಚಂದಾ.

ಸಂಶೋಧಕಿ: ಕೇಳಂಗಿಲ್ಲ ಕಾಕಾ. ಆದ್ರ ಸರ್, ಮೂರೂ ದಾರಿ ದೊಡ್ಡವರದು. ತೊಗರಿ ನೆಟೆಗೆ ಕೆಲಸ ಮಾಡೋರು ಕೆಲವೇ ಮಂದಿ. ನಾವು ಯಾವ ದಾರಿ ಹಿಡೀಬೇಕು?

ಸರ್: ಮೊದಲು ಇದನ್ನ ಹೇಳು. ನಿನಗ ಉಳೀಬೇಕಾದ್ದು ಪೋರ್ಟಲ್ಲೋ, ಲೆಕ್ಕವೋ?

ಸಂಶೋಧಕಿ: ಎರಡೂ ಒಂದೇ ಅಲ್ಲೇನ್ರಿ?

ಸರ್: ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಾಗ 1843ರಿಂದ ಒಂದೇ ಹೊಲದಾಗ ಗೋಧಿ ಪ್ರಯೋಗ ನಡದದ. ವರ್ಷಾ ವರ್ಷ ಕಾಳು, ಹುಲ್ಲು ಬಾಟಲಿಯಾಗ ತುಂಬಿ ಇಟ್ರು. ಇಟ್ಟವರಿಗೆ ಡಿಎನ್‌ಎ ಅನ್ನೂದೇ ಗೊತ್ತಿದ್ದಿಲ್ಲ. 2005ರಾಗ ಆ ಹಳೇ ಗೋಧಿಯಿಂದ ಎರಡು ಶಿಲೀಂಧ್ರಗಳ ಡಿಎನ್‌ಎ ತೆಗೆದು, ಗಾಳಿಯಾಗಿನ ಗಂಧಕದ ಹೊಗಿ ಏರಿಳಿದಂಗ ಯಾವ ಶಿಲೀಂಧ್ರ ಮೇಲಾಯ್ತು ಅಂತ ತೋರಿಸಿದ್ರು. ನೂರಾ ಅರವತ್ತು ವರ್ಷದಾಗ ಅಲ್ಲಿ ಎಷ್ಟು ಕಟ್ಟಡ, ಎಷ್ಟು ಅಧಿಕಾರಿ ಬದಲಾಗಿರಬೇಕು? ಲೆಕ್ಕ ಹರಿಯಲಿಲ್ಲ. ಪೋರ್ಟಲ್ ಅಂದ್ರ ನನ್ನ ದೃಷ್ಟಿಯಾಗ ಆ ಲೆಕ್ಕವನ್ನ ಕೆಲವು ವರ್ಷ ಹೊರೂ ಆಳು. ಆಳು ಬದಲಾಗ್ತಾನ. ಅದಕ್ಕ ನಿನ್ನ ಅರ್ಜಿಯಾಗ ಮೊದಲನೇ ಪುಟದಾಗೇ ಬರಿ: ಇದು ನಿಂತ ದಿನ ಈ ಲೆಕ್ಕ ಯಾರ ಕೈಗೆ, ಯಾವ ರೂಪದಾಗ ಹೋಗ್ತದ ಅಂತ. ಯಾವ ಹೊಸ ಸಾಫ್ಟ್‌ವೇರೂ ಬೇಡದೇ ಓದಲಿಕ್ಕ ಬರೂ ಸಾದಾ ಕೋಷ್ಟಕ ಇರಲಿ. ಮೂರು ಸಂಸ್ಥೆಯಾಗ ಪ್ರತಿ ಇರಲಿ.

ಸಂಶೋಧಕಿ: ಶುರು ಮಾಡೂ ಅರ್ಜಿಯಾಗ ಮುಚ್ಚೂ ಮಾತು ಬರೆದ್ರ ರೊಕ್ಕ ಕೊಡ್ತಾರೇನ್ರಿ?

ಸರ್: ಕೇಳೋರು ಕಡಿಮಿ, ಖರೆ. ಆದ್ರ ಕಾಕಾನ ಮುಂದ ಕುಂತು ನೀ ಆ ಮಾತು ಹೇಳದೇ ಕಾಂಡ ಕೇಳಂಗಿಲ್ಲ. ಅವರು ಕೊಟ್ಟದ್ದು ನಿನ್ನ ಯೋಜನೆಗಲ್ಲ. ನೀ ಕಾಣದ ಒಬ್ಬ ವಿಜ್ಞಾನಿಗೆ, ಅವರು ಕಾಣದ ಒಬ್ಬ ರೈತನಿಗೆ ಕೊಟ್ಟದ್ದು. ನಡುವ ಇರೋರು ನೀನು.

ನಮ್ಮಲ್ಲಿ ಪೋರ್ಟಲ್ ಉದ್ಘಾಟನೆಗೆ ವೇದಿಕೆ ಹಾಕುತ್ತಾರೆ. ಅದನ್ನು ಕಾಯುವವರ ಸಂಬಳಕ್ಕೆ ಅದೇ ದಿನ ಸಹಿ ಬೀಳಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಕಟ್ಟುವುದು ಒಂದು ಸಲದ ಖರ್ಚು. ಉತ್ತರ ಬರೆಯುವ, ತಪ್ಪು ಹೆಸರು ತಿದ್ದುವ, ಹಳೆಯ ಫೋಟೊವನ್ನು ಹೊಸ ಯಂತ್ರಕ್ಕೆ ದಾಟಿಸುವ ಕೆಲಸಕ್ಕೆ ಕೊನೆಯಿಲ್ಲ, ಆ ಕೆಲಸ ಮಾಡಿದವರ ಹೆಸರು ಯಾವ ಲೇಖನದ ಮೇಲೂ ಬರುವುದಿಲ್ಲ. ತಂತ್ರಾಂಶವನ್ನಾದರೂ ಹಂಚಿಕೊಳ್ಳಬಹುದು: ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಬರೆದ ತಂತ್ರಾಂಶದ ಮೇಲೆಯೇ ಭೂತಾನ್ ತನ್ನದನ್ನು ನಿಲ್ಲಿಸಿಕೊಂಡಿತು. ತೊಗರಿಯವರು ಬರಿಗೈಯಿಂದ ಶುರುಮಾಡಬೇಕಾಗಿಲ್ಲ.

ಕಾಕಾ: ನಾ ಏನೇನು ಬರ್ಕೋಬೇಕು, ಅದನ್ನ ಹೇಳ್ರಿ.

ಸಂಶೋಧಕಿ: ತಳಿ ಹೆಸರು, ಬಿತ್ತಿದ ದಿನ, ಬಾಡಿದ್ದು ಕಂಡ ದಿನ, ಸಾಲಿನಾಗ ಎಷ್ಟು ಗಿಡ ಹೋದ್ವು, ಸೀಳಿದ ಕಾಂಡದ ಫೋಟೊ.

ಕಾಕಾ: ಬೀಜ ಎಲ್ಲಿಂದ ಬಂತು ಅನ್ನೂದು ಬಿಟ್ಟಿ. ರೈತ ಸಂಪರ್ಕ ಕೇಂದ್ರದಿಂದ ತಂದದ್ದು ಬ್ಯಾರೆ, ಮನ್ಯಾಗ ಇಟ್ಟದ್ದು ಬ್ಯಾರೆ, ನೆರೆಯವರ ಹತ್ರ ಇಸ್ಕೊಂಡದ್ದು ಬ್ಯಾರೆ. ಚೀಲದ ಮ್ಯಾಲಿನ ಹೆಸರು ಒಳಗಿನ ಕಾಳಿಗೆ ಕೂಡೇ ಕೂಡ್ತದ ಅಂತ ಇಲ್ಲ.

ಸರ್: ಭಾಳ ದೊಡ್ಡ ಕಾಲಂ ಅದು, ಹಾಕು. ಇನ್ನೂ ಒಂದು ಬಿಟ್ಟಿ: ನೆಟೆ ಬಾರದ ಹೊಲ.

ಕಾಕಾ: ನೆಟೆ ಬಾರದವರು ಯಾಕ ಬಂದು ಬರೀತಾರ್ರಿ?

ಸರ್: ಬರಂಗಿಲ್ಲ. ಅದಕ್ಕೇ ಇಂಥ ಲೆಕ್ಕ ಹಾಳಾಗೂದು. ಒಣಗಿದ ಹೊಲ ಅಷ್ಟೇ ಕೂಡಿಸಿದ್ರ ಎಲ್ಲಾ ತಳಿನೂ ಸೋತಂಗ ಕಾಣ್ತದ. ಒಣಗಿದ ಒಂದು ಹೊಲ ಬರೆದ್ರ ಅದರ ಒಡ್ಡಿನ ಆಚಿ ಹೊಲಾನೂ ಬರೀಬೇಕು. ಅಲ್ಲಿಗೆ ಯಾರಾದ್ರೂ ನಡಕೊಂಡೇ ಹೋಗಬೇಕು.

ಸಂಶೋಧಕಿ: ಯೋಜನೆಯಾಗ ಸರ್ವರ್‌ಗೆ ರೊಕ್ಕ ಅದ, ಓಡಾಡಲಿಕ್ಕ ಇಲ್ಲ.

ಸರ್: ಹಂಗಾದ್ರ ಸರ್ವರ್ ಸಣ್ಣದು ತಗೋ.

ಕಾಕಾ: ನಮ್ಮ ಒಡ್ಡಿನ ಆಚಿ ಹೊಲದವನನ್ನ ನಾ ಕೇಳಿ ಬರೀತೀನಿ. ಆದ್ರ ಮಿರಗಕ್ಕ ಮೊದಲ ಅವನಿಗೂ ಉತ್ತರ ಬರಬೇಕು.

ಸಂಶೋಧಕಿ: ಬರ್ತದ ಕಾಕಾ. ಸರ್, ನೆಟೆ ಬಾರದವರಿಗೆ ನಾ ಏನಂತ ಉತ್ತರ ಬರೀಲಿ?

ಸರ್: ಹಿಂದಿನ ಮೂರು ವರ್ಷ ಆ ಹೊಲದಾಗ ಏನ್ ಬಿತ್ತಿದ್ರು ಅಂತ ಮೊದಲ ಕೇಳು. ಬರೆಯೂದು ಆಮ್ಯಾಲ.