ಕೊಳವೆಯ ಕಾಲ

ಸವದತ್ತಿಯ ಮಲಪ್ರಭಾ ಜಲಾಶಯದಿಂದ ಎತ್ತಿದ ನೀರು ನಮ್ಮ ಅಮ್ಮಿನಬಾವಿಯ ಶುದ್ಧೀಕರಣ ಘಟಕದಲ್ಲಿ ತಿಳಿಯಾಗಿ ಹುಬ್ಬಳ್ಳಿ-ಧಾರವಾಡದ ನಳಗಳಿಗೆ ಹೋಗುತ್ತದೆ. ಅದೇ ಊರಲ್ಲಿ ಹಳೆಯ ಬಸದಿಯೂ ಇದೆ. ಪಂಪು, ವಾಲ್ವುಗಳನ್ನು ನಡೆಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಕಸುಬು (ಈ ಘಟಕದ್ದಲ್ಲ, ಬೇರೆ ಕಡೆಯದ್ದು). ಹಾಗಾಗಿ ಜೈನರ ಒಂದು ವಿಚಾರ ನನ್ನನ್ನು ಕೆಲಸದ ಹೊತ್ತಿನಲ್ಲೇ ಕಾಡುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಐದನೇ ಅಧ್ಯಾಯದ ಪ್ರಕಾರ, ಇದೆ ಎನ್ನಿಸಿಕೊಳ್ಳುವ ಯಾವುದರಲ್ಲೂ ಹುಟ್ಟು, ಅಳಿವು, ಉಳಿವು ಮೂರೂ ಒಟ್ಟಿಗೇ ಇರುತ್ತವೆ. ಮೊದಲೆರಡು ನನಗೆ ದಿನನಿತ್ಯದವು. ಗಿರಾಕಿ ಹೊಸ ಸೆನ್ಸರ್ ತರುತ್ತಾನೆ, ಹಳೆಯ ಪಂಪು ತೆಗೆಸುತ್ತಾನೆ, "ಎಲ್ಲಾನೂ ಬದಲಿ ಮಾಡಾಕ ಬರೂಹಂಗ ಬರೀರಿ ಸರ" ಅನ್ನುತ್ತಾನೆ. ಉಳಿಯುವುದು ಯಾವುದು?

ಕೊಳವೆಯನ್ನೇ ಕೇಳಬೇಕು. ವಾಲ್ವನ್ನು ಒಮ್ಮೆಲೇ ಮುಚ್ಚಿದರೆ, ಓಡುತ್ತಿದ್ದ ನೀರಿನ ಒತ್ತಡ ಅಲೆಯಾಗಿ ಕೊಳವೆಗುಂಟ ಹೋಗಿ ಮರಳುತ್ತದೆ. ಉಕ್ಕಿನ ಕೊಳವೆಯಲ್ಲಿ ಆ ಅಲೆಯ ವೇಗ ಸೆಕೆಂಡಿಗೆ ಸುಮಾರು 1 ಕಿ.ಮೀ. ಕೊಳವೆ 10 ಕಿ.ಮೀ. ಇದ್ದರೆ ಹೋಗಿಬರಲು 20 ಸೆಕೆಂಡು. ಅದಕ್ಕೂ ಮೊದಲೇ ವಾಲ್ವು ಪೂರ್ತಿ ಮುಚ್ಚಿತೋ, ಪೆಟ್ಟು ಇಡಿಯಾಗಿ ಬೀಳುತ್ತದೆ. ಕೊಳವೆ ಒಡೆದರೂ ಒಡೆದೀತು. ರಿಯಲ್‌ಟೈಮ್ (ಹೊತ್ತಿಗೆ ಸರಿಯಾಗಿ ನಡೆಯಬೇಕಾದ ಕೆಲಸ) ಎಂದರೆ ಬಿರುಸು ಎಂದು ತಿಳಿದವರೇ ಬಹಳ. ಇಲ್ಲಿ ಬೇಗ ಮುಗಿಸುವುದೇ ತಪ್ಪು! ಚಿಪ್, ಪ್ರೋಗ್ರಾಮಿನ ಭಾಷೆ, ಗಿರಾಕಿ ಏನೇ ಬದಲಾದರೂ ಆ 20 ಸೆಕೆಂಡು ಕದಲುವುದಿಲ್ಲ.

ಉಳಿವನ್ನು ಕೋಡಿನಲ್ಲೇ ಹುಡುಕಿದರೆ ಏನಾಗುತ್ತದೆ ಎಂಬುದನ್ನು ಯುರೋಪಿನವರು ಕಂಡರು. ಅರಿಯಾನ್-4 ರಾಕೆಟ್ಟಿನಲ್ಲಿ ಸರಿಯಾಗಿ ನಡೆದ ಪ್ರೋಗ್ರಾಮಿನ ಭಾಗವೊಂದು ಅರಿಯಾನ್-5ಕ್ಕೂ ಹಾಗೇ ಬಂತು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು; ಅದಕ್ಕೆ ಸಂಬಂಧಿಸಿದ ಲೆಕ್ಕ 16 ಬಿಟ್ಟುಗಳಲ್ಲಿ ಹಿಡಿಸಲಿಲ್ಲ. 1996ರ ಜೂನ್ 4ರಂದು, ಹಾರಿದ ಸುಮಾರು 40 ಸೆಕೆಂಡಿಗೆ ರಾಕೆಟ್ಟು ಚೂರಾಯಿತು. ಕೋಡು ಉಳಿಯಿತು, ಅದು ಯಾವ ಹಾರಾಟಕ್ಕೆ ಸರಿ ಎಂಬ ಷರತ್ತು ಜೊತೆಗೆ ಬರಲಿಲ್ಲ. ಸಡಿಲವಾಗಿ ಬರೆದ ಸಾಫ್ಟ್‌ವೇರಿಗಿಂತ, ತನ್ನ ಮಿತಿಯನ್ನು ತಾನೇ ಹೇಳುವ ಸಾಫ್ಟ್‌ವೇರ್ ಬದಲಾವಣೆಗೆ ಹೆಚ್ಚು ಬಾಗುತ್ತದೆ ಎಂಬುದು ನನ್ನ ಪಕ್ಷ.

ಕೊಳವೆಯ ಆ 20 ಸೆಕೆಂಡೇ ಉಳಿವು ಎಂದು ಬಸದಿಯ ಓಣಿಯ ಹಿರಿಯರೊಬ್ಬರ ಮುಂದೆ ಹೇಳಿದೆ. "ಅಲ್ಲೋ ತಮ್ಮಾ, ಕೊಳವೀನೂ ಒಂದಿನ ಬದಲಿ ಆಗ್ತೈತಲ್ಲ?" ಅಂದರು. ಹೌದು. ಪ್ಲಾಸ್ಟಿಕ್ ಕೊಳವೆಯಲ್ಲಿ ಅಲೆ ಬಹಳ ನಿಧಾನ, 20 ಅಳಿಯುತ್ತದೆ. ಉದ್ದ, ಅಲೆಯ ವೇಗ, ಹೋಗಿಬರುವ ಹೊತ್ತು ಈ ಮೂರರ ಸಂಬಂಧ ಮಾತ್ರ ಉಳಿಯುತ್ತದೆ. "ಆ ಸಂಬಂಧ ಇರೂದು ಕೊಳವಿಯೊಳಗೋ, ನೀರಿನೊಳಗೋ?" ಎಂದು ಮತ್ತೆ ಕೇಳಿದರು. ಎರಡೂ ಕೂಡಿದಲ್ಲಿ ಅಂದೆ, ಅವರು ಒಪ್ಪಲಿಲ್ಲ. ನಾನಂತೂ ಪ್ರೋಗ್ರಾಮಿನಲ್ಲಿ 20 ಎಂದು ಬರೆಯುವುದಿಲ್ಲ. ಉದ್ದ, ಅಲೆಯ ವೇಗ ಎರಡನ್ನೂ ಕೇಳುತ್ತೇನೆ. ಕೊಡದಿದ್ದರೆ ವಾಲ್ವು ಅಲುಗುವುದಿಲ್ಲ.